ಡೋಲಿನಾ ಬಿಟ್ಟ ಮೀನು

"ಈ ಅಕ್ಷರ ನಿಮ್ದೇ ತಾನೆ, ಟಾರ್ಕಿಲ್?"

ಸಾರ್ಜೆಂಟ್ ಇಶ್ಬೆಲ್ ಗನ್, ಹಿಡಿದ ಮೀನುಗಳ ಲೆಕ್ಕ ಬರೆಯುವ ದಪ್ಪ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ತಿರುಗಿಸಿ ಮುದುಕನ ಮುಂದಕ್ಕೆ ಸರಿಸಿದಳು. ಟಾರ್ಕಿಲ್ ಮೆಕೈ ಕನ್ನಡಕಕ್ಕಾಗಿ ಎರಡೂ ಜೇಬು ತಡಕಿದ. ಅದು ಅವನ ಹಣೆಯ ಮೇಲೇ ಕೂತಿತ್ತು.

"ನಂದೇ. ಇಷ್ಟು ಕೆಟ್ಟದಾಗಿ ಬರೆಯೋನು ಲೋನಿ ಹೊಳೆ ಉದ್ದಕ್ಕೂ ಇನ್ನೊಬ್ಬ ಹುಟ್ಟಿಲ್ಲ."

"ಓದಿ ನೋಡಿ."

"ಬರೆದೋನು ನಾನು. ಓದೋದೇನು?"

ಅವನು ಓದದಿದ್ದರೇನು, ಇಶ್ಬೆಲ್‌ಗೆ ಆ ಸಾಲು ಬಾಯಿಪಾಠವಾಗಿತ್ತು. ಶನಿವಾರ ಸಂಜೆ. ಪಾದ್ರಿ ಮಡು. ಹಿಡಿದವರು ಡೋಲಿನಾ ಮೆಕೈ. ಹೆಣ್ಣು ಸಾಲ್ಮನ್, ಮೂವತ್ತಮೂರು ಇಂಚು. ಮೈಮೇಲೆ ಬಾಲ ಉದುರದ ಕಡಲ ಹೇನು. ವಾಪಸು ಬಿಟ್ಟಿದೆ.

ಅದೇ ಪಾದ್ರಿ ಮಡುವಿನಲ್ಲಿ ಸೋಮವಾರ ಬೆಳಿಗ್ಗೆ ಮೀನು ಹಿಡಿಯಲು ಬಂದು ಲಾಡ್ಜಿನಲ್ಲಿ ಇಳಿದಿದ್ದ ಪಿಯರ್ಸ್ ವೆದರೆಲ್ ಎಂಬ ಇಂಗ್ಲಿಷ್ ಅತಿಥಿಯ ಹೆಣ ಸಿಕ್ಕಿತ್ತು. ತಲೆಯ ಹಿಂಬದಿ ಒಡೆದಿತ್ತು. ಶನಿವಾರ ಸಂಜೆ ಗಾಳದ ಕೋಲು ಹಿಡಿದು ಹೊರಟವನು ಲಾಡ್ಜಿನ ಊಟಕ್ಕೆ ಮರಳಿರಲಿಲ್ಲ. ತಣ್ಣನೆಯ ನೀರಿನಲ್ಲಿದ್ದ ಹೆಣದಿಂದ ಸಾವಿನ ಹೊತ್ತು ಹೇಳುವುದು ಕಷ್ಟ ಎಂದು ಡಾಕ್ಟರು ಕೈಚೆಲ್ಲಿದ್ದರಿಂದ, ಸತ್ತದ್ದು ಶನಿವಾರ ಸಂಜೆಯೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಶನಿವಾರ ಸಂಜೆ ಮಡುವಿನ ಬಳಿ ಯಾರಿದ್ದರು? ಈ ಪ್ರಶ್ನೆಗೆ ಟಾರ್ಕಿಲ್ ತನ್ನ ಕೈಯಾರೆ ಉತ್ತರ ಬರೆದಿಟ್ಟಿದ್ದ. ಪುಸ್ತಕವನ್ನು ಹೊಳೆದಂಡೆಯ ಗುಡಿಸಲಿನಿಂದ ತಂದು ಪೊಲೀಸರ ಕೈಗಿಟ್ಟವನು ಹೊಳೆ ಕಾವಲುಗಾರ ನೀಲ್ ಬ್ಯಾನರ್ಮನ್. ಹೆಣ ಕಂಡವನೂ ಅವನೇ. ಭಾನುವಾರ ಬೆಳಗಿನಿಂದ ಎರಡೂ ದಡ ನಡೆದೆ, ನೀರು ಏರಿತ್ತು, ಒಂದು ನರಪಿಳ್ಳೆಯೂ ಕಾಣಲಿಲ್ಲ ಎಂದು ಅವನು ಹೇಳಿಕೆಗೆ ಸಹಿ ಹಾಕಿದ್ದ.

ಇನ್ನು ಜಗಳದ ಕಥೆ ಹೊಳೆಯ ಉದ್ದಕ್ಕೂ ಎಲ್ಲರಿಗೂ ಗೊತ್ತು. ಟಾರ್ಕಿಲ್ ಲಾಡ್ಜಿನ ಗಿಲಿ. ಅತಿಥಿಗಳನ್ನು ಹೊಳೆಗೆ ಕರೆದೊಯ್ದು, ಮೀನು ಇರುವ ಜಾಗ ತೋರಿಸಿ, ಹಿಡಿದ ಮೀನನ್ನು ಜೀವಸಹಿತ ವಾಪಸು ಬಿಡಿಸುವುದು ಅವನ ಕೆಲಸ. ಹೋದ ವಾರ ವೆದರೆಲ್ ಒಂದು ಸಾಲ್ಮನ್ ಹಿಡಿದು, ಫೋಟೋಗೆಂದು ಅದನ್ನು ಎದೆಯ ಮಟ್ಟಕ್ಕೆ ಎತ್ತಿ, "ಇನ್ನೊಂದು, ಇನ್ನೊಂದೇ ಒಂದು" ಎನ್ನುತ್ತಾ ನಿಂತ. ಮೀನು ಬಾಯಿ ಬಿಡತೊಡಗಿತು. ಟಾರ್ಕಿಲ್ ಅದನ್ನು ಕಿತ್ತುಕೊಂಡು ನೀರಿನಲ್ಲಿ ಮಂಡಿಯೂರಿದ. ಮೂತಿಯನ್ನು ಸೆಳೆತಕ್ಕೆದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೋಗುವ ತನಕ ಕಾದ. ಆಮೇಲೆ ಎದ್ದು ಎಲ್ಲ ಅತಿಥಿಗಳ ಮುಂದೆಯೇ ಹೇಳಿದ: "ಮುಂದಿನ ಸಲ ಮೀನನ್ನ ಎಷ್ಟು ಹೊತ್ತು ಗಾಳೀಲಿ ಹಿಡೀತೀರೋ, ಅಷ್ಟು ಹೊತ್ತು ನಿಮ್ಮ ತಲೇನ ನೀರಲ್ಲಿ ಹಿಡೀತೀನಿ."

ಅವತ್ತು ಎಲ್ಲರೂ ನಕ್ಕಿದ್ದರು. ಈಗ ಆ ಮಾತನ್ನು ಇನ್‌ವರ್ನೆಸ್ ಪಟ್ಟಣದ ಪೊಲೀಸರು ಟೈಪು ಮಾಡಿಕೊಂಡಿದ್ದಾರೆ.

"ಇನ್ಸ್‌ಪೆಕ್ಟರ್ ಹಾಲ್ಡೇನ್ ಹೊರಟಿದಾರೆ," ಎಂದಳು ಇಶ್ಬೆಲ್. "ಸಂಜೆ ಇಲ್ಲಿರ್ತಾರೆ. ನಿಮ್ಮನ್ನ ಕರ್ಕೊಂಡು ಹೋಗ್ತಾರೆ."

"ಹೋದ್ರಾಯ್ತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು."

"ಡೋಲಿನಾ?"

ಮುದುಕ ಕಿಟಕಿಯ ಕಡೆ ನೋಡಿದ. ಅಲ್ಲಿ ಬೆಳಕಿಗೆ ಮುಖ ಕೊಟ್ಟು ಕೂತ ಅವನ ಹೆಂಡತಿ ಕೊಕ್ಕೆಗೆ ಗರಿ ಸುತ್ತಿ ಗಾಳದ ನೊಣ ಕಟ್ಟುತ್ತಿದ್ದಳು. ಒಂದು ಕಾಲಕ್ಕೆ ಲೋನಿ ಹೊಳೆಯಲ್ಲಿ ಅವಳಷ್ಟು ದೂರ ದಾರ ಬೀಸುವ ಗಂಡಸಿರಲಿಲ್ಲ. ಈಗ ತಂಗಿಯ ಹೆಸರು ಮರೆತಿದೆ, ತಾನಿರುವ ಮನೆ ಯಾರದೆಂಬುದೂ ಕೆಲವು ದಿನ ಮರೆಯುತ್ತದೆ. ಬೆರಳುಗಳು ಮಾತ್ರ ಏನನ್ನೂ ಮರೆತಿಲ್ಲ.

"ಅವರಿಗೆ ವೃದ್ಧರ ಮನೇಲಿ ಹಾಸಿಗೆ ಕೇಳಿಟ್ಟಿದಾರೆ, ಟಾರ್ಕಿಲ್. ಹೋದ ಚಳಿಗಾಲ ಆಸ್ಪತ್ರೇಲಿ ಏನಾಯ್ತು ನೆನಪಿದೆಯಲ್ಲ? ನೀವು ಚಮಚ ಹಿಡಿದು ಕೂರೋ ತನಕ ಒಂದು ತುತ್ತು ನುಂಗ್ಲಿಲ್ಲ."

"ನೆನಪಿದೆ."

"ಹಾಗಾದ್ರೆ ನಿಜ ಹೇಳಿ."

"ಬರೆದಿರೋದು ಬರೆದಾಯ್ತು, ಹುಡುಗಿ."

ಇಶ್ಬೆಲ್‌ಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಇದೇ ಮನುಷ್ಯ ಅವಳಿಗೆ ಚಿಕ್ಕಂದಿನಲ್ಲಿ ಗಾಳ ಎಸೆಯಲು ಕಲಿಸಿದ್ದ, ಅಪ್ಪ ತೀರಿಕೊಂಡಾಗ ಚರ್ಚಿನಲ್ಲಿ ಅವಳ ಪಕ್ಕದಲ್ಲಿ ಕೂತಿದ್ದ. ಈಗ ಹಳ್ಳ ತೋಡಿಕೊಂಡು ಅದರೊಳಗೆ ಕೂತು, ಮೇಲೆತ್ತಲು ಬಂದವಳಿಗೇ ಹೋಗು ಎನ್ನುತ್ತಿದ್ದಾನೆ.

"ಸರಿ, ಮೀನಿನ ವಿಷಯಾನೇ ಮಾತಾಡೋಣ," ಎಂದಳು. "ಕಡಲ ಹೇನು ಹೊಳೆ ನೀರಿಗೆ ಬಂದ ಮೇಲೆ ಎಷ್ಟು ದಿನ ಬಾಲ ಇಟ್ಕೊಂಡಿರುತ್ತೆ?"

"ಒಂದು ದಿನ. ಹೆಚ್ಚಂದ್ರೆ ಎರಡು. ನಾನೇ ಕಲಿಸಿದ್ದು ನಿಂಗೆ."

"ಅಂದ್ರೆ ಈ ಮೀನು ಆಗ ತಾನೆ ಸಮುದ್ರದಿಂದ ಬಂದಿತ್ತು."

"ಬೆಳ್ಳಿ ಹಾಗಿತ್ತಂತೆ."

"ಶನಿವಾರ ಸಂಜೆ ಹೇಗೆ ಬಂತು? ಮಳೆ ಇಲ್ದೆ ಹೊಳೆ ಒಣಗಿತ್ತು. ಮಡುವಿನ ಕೆಳಗಿನ ಅಬ್ಬೀಲಿ ಬರೀ ಬಂಡೆ. ಅದನ್ನ ಹತ್ತೋ ಮೀನು ಇನ್ನೂ ಹುಟ್ಟಿಲ್ಲ ಅಂತ ಶುಕ್ರವಾರ ಅಂಗಡೀಲಿ ನೀವೇ ಹೇಳಿದ್ರಿ. ಬೆಟ್ಟದ ಮೇಲೆ ಮಳೆ ಬಿದ್ದಿದ್ದು ಶನಿವಾರ ರಾತ್ರಿ. ನೀರು ಬಂದಿದ್ದು ಭಾನುವಾರ ಬೆಳಿಗ್ಗೆ. ಚರ್ಚಿಗೆ ಹೋಗ್ತಾ ಸೇತುವೆ ಮೇಲಿಂದ ನಾನೇ ನೋಡಿದೆ, ಹೊಳೆ ಕಪ್ಪು ಚಹಾದ ಹಾಗೆ ಹರೀತಿತ್ತು."

ಟಾರ್ಕಿಲ್ ಎದ್ದು, ತುಂಬಿದ್ದ ಕೆಟಲ್‌ಗೇ ಇನ್ನಷ್ಟು ನೀರು ತುಂಬಲು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಲ್ಲ ದೇಶದಲ್ಲೂ ಒಂದೇ. ಆ ಹೊಳೆಯ ಕಡೆ ಅದನ್ನು ಕೆಟಲ್‌ನಿಂದ ಮಾಡುತ್ತಾರೆ.

"ಬರೀ ಸಾಲ್ಮನ್ ಅಂತ ಬರೆದಿದ್ರೆ ನಾನು ನಂಬ್ತಿದ್ದೆ," ಎಂದಳು ಇಶ್ಬೆಲ್. "ಹೇನಿನ ಬಾಲ ಯಾಕೆ ಬರೆದ್ರಿ?"

"ಇತ್ತಲ್ಲ. ಅದಕ್ಕೆ ಬರೆದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ದಿನದ ವಿಷಯದಲ್ಲಿ ಸುಳ್ಳು ಹೇಳಬಲ್ಲ, ಮೀನಿನ ವಿಷಯದಲ್ಲಿ ಹೇಳಲಾರ. ಇಂಥವನನ್ನು ಕೊಲೆಗಾರ ಎನ್ನಲು ಇನ್‌ವರ್ನೆಸ್‌ನಿಂದಲೇ ಜನ ಬರಬೇಕು.

ಅವಳು ಪುಸ್ತಕವನ್ನು ಮತ್ತೆ ತನ್ನ ಕಡೆ ತಿರುಗಿಸಿ ಆ ವಾರದ ಪುಟದ ಮೇಲೆ ಬೆರಳಾಡಿಸಿದಳು. ಅಚ್ಚು ಹಾಕಿದ ಗೆರೆಗಳು ಸೋಮವಾರದಿಂದ ಶುರುವಾಗಿ ಶನಿವಾರಕ್ಕೆ ಮುಗಿಯುತ್ತಿದ್ದವು. ಭಾನುವಾರಕ್ಕೆ ಗೆರೆಯೇ ಇರಲಿಲ್ಲ, ಇರುವ ಕಾರಣವೂ ಇರಲಿಲ್ಲ. ಆ ನಾಡಿನಲ್ಲಿ ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ. ಟಾರ್ಕಿಲ್‌ನ ಚರ್ಚಿನ ಸಭೆಯಲ್ಲಂತೂ ಅವತ್ತು ಬಟ್ಟೆ ಒಣಹಾಕುವುದೂ ತಪ್ಪು. ಅವನು ಸಭೆಯ ಹಿರಿಯ. ಅವನ ಮನೆಯಲ್ಲಿ ಭಾನುವಾರದ ಆಲೂಗಡ್ಡೆಯನ್ನು ಶನಿವಾರವೇ ಸುಲಿದಿಡುತ್ತಾರೆ.

"ಇದು ಭಾನುವಾರದ ಮೀನು," ಎಂದಳು. "ಬರೆಯೋಕೆ ಜಾಗ ಇರ್ಲಿಲ್ಲ. ಅದಕ್ಕೆ ಶನಿವಾರದೊಳಗೆ ತುರುಕಿದ್ರಿ."

"ಮೆಲ್ಲಗೆ." ಟಾರ್ಕಿಲ್‌ನ ದನಿ ತಟ್ಟನೆ ಇಳಿಯಿತು. "ಅವಳಿಗೆ ಕೇಳಿಸೀತು."

"ಕೇಳಿಸಿದ್ರೇನು? ಮೀನು ಹಿಡಿದಿದ್ದು ಅವರೇ ಅಲ್ವ?"

"ಅವತ್ತು ಭಾನುವಾರ ಅಂತ ಅವಳಿಗೆ ಗೊತ್ತಿಲ್ಲ."

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. ಇಷ್ಟು ದಿನ ಎದೆಯಲ್ಲಿ ಬಚ್ಚಿಟ್ಟಿದ್ದ ಮಾತು ಪಿಸುದನಿಯಲ್ಲಿ ಹೊರಬಂತು.

"ಚರ್ಚಿಗೆ ಅಂತ ಕೋಟು ತೊಡಿಸ್ತಿದ್ದೆ. ನನ್ನ ಮುಖ ನೋಡಿ, ಟಾರ್ಕಿಲ್, ಅಂದ್ಳು. ನನ್ನ ಹೆಸರು ಅವಳ ಬಾಯಲ್ಲಿ ಕೇಳಿ ಎಷ್ಟು ತಿಂಗಳಾಗಿತ್ತು ಗೊತ್ತಾ ನಿಂಗೆ? ಟಾರ್ಕಿಲ್, ನೀರು ಬಂದಿದೆ, ವಾಸನೆ ಬರ್ತಿದೆ, ಕೋಲು ತಗೋ, ಅಂದ್ಳು. ನಾನೇನು ಹೇಳ್ಲಿ? ಇವತ್ತು ಕರ್ತನ ದಿನ, ಬೇಡ ಅಂದಿದ್ರೆ, ಕೋಟು ತೊಡೋ ಹೊತ್ತಿಗೆ ಮತ್ತೆ ಎಲ್ಲಿಗೋ ಹೋಗ್ಬಿಡ್ತಿದ್ಳು. ನಾಳೆ ಹೋಗೋಣ ಅನ್ನೋಕೆ ಅವಳ ಹತ್ರ ನಾಳೆ ಎಲ್ಲಿದೆ?"

ಇಶ್ಬೆಲ್ ಕಿಟಕಿಯ ಕಡೆ ನೋಡಿದಳು.

"ಅವಳು ಪಾದ್ರಿ ಮಗಳು. ಬುದ್ಧಿ ನೆಟ್ಟಗಿದ್ದಾಗ ಭಾನುವಾರ ಗಾಳ ಮುಟ್ಟೋಕಿಂತ ಕೈ ಕತ್ತರಿಸ್ಕೋತಿದ್ಳು. ನಾನೀಗ ನಿಜ ಹೇಳಿದ್ರೆ ಊರೆಲ್ಲಾ ಏನನ್ನುತ್ತೆ? ಪಾಪ, ಡೋಲಿನಾಗೆ ಯಾವ ದಿನ ಅನ್ನೋದೂ ತಿಳೀದಂತೆ, ಸಬ್ಬತ್ ದಿನದ ಕಟ್ಟಳೆ ಮುರಿದ್ಳಂತೆ ಅಂತಾರೆ. ನನ್ನ ಪಾಪ ನಾನು ಹೊರ್ತೀನಿ. ಅವಳ ಹೆಸರಿಗೆ ಅದು ಅಂಟ್ಬಾರ್ದು."

"ಹಾಗಾದ್ರೆ ಪುಸ್ತಕದಲ್ಲಿ ಬರೆದಿದ್ದಾದ್ರೂ ಯಾಕೆ? ಬಿಟ್ಟ ಮೀನು ಯಾರಿಗೆ ಗೊತ್ತಾಗ್ತಿತ್ತು?"

"ಬರ್ಕೊಂಡ್ಯಾ ಅಂತ ಕೇಳಿದ್ಳು." ಮುದುಕ ಮೂಗು ಒರೆಸಿಕೊಂಡ. "ತಿಂದ ಮೀನಿಗೆ ರುಚಿಯಾದ್ರೂ ಸಾಕ್ಷಿ. ಬಿಟ್ಟ ಮೀನಿಗೆ ಈ ಸಾಲು ಬಿಟ್ರೆ ಏನಿದೆ? ಅದು ಅವಳ ಕೊನೇ ಮೀನೇನೋ. ಬರೀದೆ ಹೇಗಿರ್ಲಿ?"

ಆ ಅಡುಗೆಮನೆಯಲ್ಲಿ ಪೊಲೀಸಿನವಳಾಗಿ ಕೂರುವುದು ಇಶ್ಬೆಲ್‌ಗೆ ಕಷ್ಟವಾಯಿತು. ಅವಳು ಮುದುಕನ ಕೈ ಹಿಡಿದುಕೊಂಡಳು. ಅದು ಒರಟಾಗಿತ್ತು, ಬೆಚ್ಚಗಿತ್ತು. ಆದರೆ ಸಾಲಿನಲ್ಲಿದ್ದ ಇನ್ನೊಂದು ವಿಷಯ ಅವಳನ್ನು ಬಿಡಲಿಲ್ಲ.

"ಮೂವತ್ತಮೂರು ಇಂಚು ಅಂತ ಅಳೆದೋರು ಯಾರು? ನೀವಾ?"

"ನಾನು ನೀರಿನ ಹತ್ರ ಹೋಗ್ಲಿಲ್ಲ. ಅವಳನ್ನ ದಡದ ಹಲಗೆ ಮೇಲೆ ನಿಲ್ಲಿಸ್ದೆ, ಸುತ್ತ ಕಟಕಟೆ ಇದೆ, ಬೀಳೋ ಭಯ ಇಲ್ಲ. ಗಾಳಕ್ಕೆ ನೊಣ ಕಟ್ಕೊಟ್ಟು, ಮೇಲೆ ಮುಳ್ಳುಪೊದೆ ಹಿಂದೆ ಹೊಳೆಗೆ ಬೆನ್ನು ಹಾಕಿ ನಿಂತೆ. ಯಾರಾದ್ರೂ ಬಂದ್ರೆ ಅಂತ ರಸ್ತೆ ನೋಡ್ತಿದ್ದೆ. ಕರ್ತನ ದಿನ ಗಾಳ ನೀರಿಗೆ ಬೀಳೋದನ್ನ ಕಣ್ಣಾರೆ ನೋಡೋಕೆ ನನ್ನಿಂದ ಆಗ್ಲಿಲ್ಲ."

"ಆಮೇಲೆ?"

"ರೀಲು ಕಿರುಚ್ತು. ನೋಡ್ಬಾರ್ದು ಅಂತ ತಡ್ಕೊಂಡೆ. ಅವಳು ಒಂದ್ಸಲ ನಕ್ಕಿದ್ದು ಕೇಳಿಸ್ತು, ನೀರಿನ ಅಬ್ಬರದಲ್ಲಿ ಬೇರೇನೂ ಕೇಳಿಸ್ಲಿಲ್ಲ. ಆಮೇಲೆ ತಡೀಲಿಲ್ಲ, ಇಳಿದೆ. ನನ್ನ ಮಂಡಿ ನಿಂಗೊತ್ತಲ್ಲ. ಹೋಗೋ ಹೊತ್ತಿಗೆ ಮೀನು ವಾಪಸು ಹೋಗಿತ್ತು. ಹೆಣ್ಣು, ಮೂವತ್ತಮೂರು, ಹೇನಿಗೆ ಬಾಲ ಇತ್ತು ಅಂತ ಪಟಪಟ ಹೇಳಿದ್ಳು. ಹಳೇ ಡೋಲಿನಾನೇ."

"ಅವರ ಬೂಟು ಒದ್ದೆಯಾಗಿತ್ತಾ?"

ಟಾರ್ಕಿಲ್ ಕನ್ನಡಕ ತೆಗೆದು ಒರೆಸತೊಡಗಿದ.

"ಹಲಗೆ ನೀರಿಂದ ಸೊಂಟದಷ್ಟು ಮೇಲಿದೆ, ಟಾರ್ಕಿಲ್. ಅಲ್ಲಿ ನಿಂತು ಕೋಲನ್ನ ಒಂದು ಕೈಲಿ, ಬಲೇನ ಇನ್ನೊಂದು ಕೈಲಿ ಹಿಡಿದು, ಆ ಗಾತ್ರದ ಜೀವಂತ ಮೀನನ್ನ ನೀರೊಳಗೇ ಅಳೆದು, ಕೊಕ್ಕೆ ಬಿಡಿಸಿ ಬಿಡೋಕೆ ಆಗುತ್ತಾ? ನಿಮ್ಮಿಂದ ಆಗುತ್ತಾ?"

"ಇಲ್ಲ."

"ನೀರೊಳಗೆ ಇಳಿದೋರು ಯಾರು?"

"ಬೂಟು ಒಣಗಿತ್ತು," ಎಂದ ಟಾರ್ಕಿಲ್, ತನಗೇ ಹೇಳಿಕೊಳ್ಳುವವನಂತೆ. "ಯಾರು ಅಳೆದ್ರು ಅಂತ ಕೇಳ್ದೆ. ಆ ದೊಡ್ಡ ಮನುಷ್ಯ ಅಂದ್ಳು. ನಾನು ಹೂಂ ಅಂದೆ. ಇಶ್ಬೆಲ್, ನಿನ್ನೆ ಅಪ್ಪ ಚಹಾಗೆ ಬಂದಿದ್ರು ಅಂತಾಳೆ, ನಾನು ಹೂಂ ಅಂತೀನಿ. ಹಟ್ಟೀಲಿ ಹಸು ಕರು ಹಾಕ್ತು ಅಂತಾಳೆ. ನಮಗೆ ಹಸುವೇ ಇಲ್ಲ. ಅವಳು ಹೇಳೋದನ್ನೆಲ್ಲಾ ಹೂಂ ಅಂದ್ಕೊಂಡು ಹೋಗೋದು ರೂಢಿಯಾಗ್ಬಿಟ್ಟಿದೆ."

ಇಶ್ಬೆಲ್ ಎದ್ದು ಕಿಟಕಿಯ ಬಳಿ ಹೋಗಿ ಡೋಲಿನಾಳ ಕುರ್ಚಿಯ ಪಕ್ಕ ಕೆಳಗೆ ಕೂತಳು.

"ಡೋಲಿನಾ, ನಿಮ್ಮ ಮೀನಿನ ಕಥೆ ನಂಗೂ ಹೇಳಿ."

"ನೀನು ಗನ್ ಮನೆ ಹುಡುಗಿ ಅಲ್ವಾ? ನಿನ್ನ ಎಸೆತ ಇನ್ನೂ ಸೊಟ್ಟನೇನಾ?"

"ಸೊಟ್ಟನೇ."

"ಮೊಣಕೈ ಎತ್ತಬೇಡ." ಡೋಲಿನಾಳ ಕಣ್ಣು ಅವತ್ತು ತಿಳಿಯಾಗಿತ್ತು. "ಏನು ಮೀನು ಅಂತೀಯ. ಮಡು ಮೂರು ಸುತ್ತು ಹಾಕ್ತು. ನನ್ನ ಕೈ ಸೋತುಹೋಯ್ತು. ಅಷ್ಟರಲ್ಲಿ ಆ ಮನುಷ್ಯ ಬಂದ. ಇಂಗ್ಲಿಷರವನು. ರಾತ್ರಿಯೆಲ್ಲಾ ಹೊರಗೇ ಇದ್ದ ಹಾಗೆ ಬಟ್ಟೆ ಕೆಸರು. ಕೇಳದೇ ನೀರಿಗಿಳಿದು ಬಲೆ ಹಿಡಿದ. ಟೇಪಿಟ್ಟು ಅಳೆದ. ಮೀನನ್ನ ಒಂದ್ಸಲಾನೂ ಗಾಳಿಗೆ ಎತ್ಲಿಲ್ಲ."

"ಎತ್ಲಿಲ್ವಾ?"

"ಇಲ್ಲ. ಎತ್ತಿ ತೋರಿಸು, ನೋಡ್ತೀನಿ ಅಂದೆ. ಬೇಡ ಕಣಮ್ಮ, ಎತ್ತಿದ್ರೆ ನಿಮ್ಮ ಗಿಲಿ ನನ್ನ ತಲೇನ ಅಷ್ಟೇ ಹೊತ್ತು ಮುಳುಗಿಸ್ತೀನಿ ಅಂದಿದಾರೆ, ಅಂತ ನಕ್ಕ. ಮೂತೀನ ನೀರಿಗೆದುರು ಹಿಡಿದು ಮಂಡಿಯೂರಿ ಕೂತ. ಎಷ್ಟು ಹೊತ್ತು ಕೂತಿದ್ದ ಗೊತ್ತಾ. ಅದೇ ಬಾಲ ಬೀಸ್ಕೊಂಡು ಹೋಯ್ತು."

ಹಿಂದೆ ಕುರ್ಚಿ ಸದ್ದು ಮಾಡಿತು. ಟಾರ್ಕಿಲ್ ಎದ್ದು ನಿಂತಿದ್ದ.

"ಆ ಮಾತು ನಾನು ಮನೇಲಿ ಹೇಳಿಲ್ಲ," ಎಂದ. "ಸಿಟ್ಟು ಮಾಡ್ಕೊಂಡೆ ಅಂತ ಬೈತಾಳೆ ಅಂತ ಹೇಳಿಲ್ಲ. ಅವಳಿಗೆ ಅದು ಗೊತ್ತಿರೋಕೆ ಸಾಧ್ಯಾನೇ ಇಲ್ಲ."

ಗೊತ್ತಾಗಲು ಒಂದೇ ದಾರಿ. ಶನಿವಾರ ಸಂಜೆ ಸತ್ತನೆಂದು ಎಲ್ಲರೂ ನಂಬಿದ್ದ ಪಿಯರ್ಸ್ ವೆದರೆಲ್ ಭಾನುವಾರ ಬೆಳಿಗ್ಗೆ ಪಾದ್ರಿ ಮಡುವಿನಲ್ಲಿ ಮಂಡಿಯೂರಿ ಕೂತು, ತನಗೆ ಬೈದವನ ಹೆಂಡತಿಯ ಮೀನಿಗೆ ಉಸಿರು ಮರಳಿಸುತ್ತಿದ್ದ. ಶನಿವಾರ ಸಂಜೆ ಯಾರೆಲ್ಲಿದ್ದರೆಂದು ಇಶ್ಬೆಲ್ ನಾಲ್ಕು ದಿನ ಕೇಳಿ ಬರೆದುಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಟಾರ್ಕಿಲ್ ಹೆಂಡತಿಯ ಮುಂದೆ ಬಂದು ನಿಂತ.

"ನೀನು ಹೇಳ್ದೆ, ಬಂಗಾರ. ನಾನು ನಂಬ್ಲಿಲ್ಲ."

"ಯಾವಾಗ?" ಎಂದಳು ಡೋಲಿನಾ. ಕೈ ಚಾಚಿ ಅವನ ಕೆನ್ನೆ ಸವರಿದಳು. "ಹೋಗ್ಲಿ ಬಿಡು. ನೀನು ಯಾವಾಗ್ಲೂ ಸ್ವಲ್ಪ ನಿಧಾನ."

ಇಶ್ಬೆಲ್‌ಗೆ ಸುಮ್ಮನಿರುವ ಹೊತ್ತಲ್ಲ ಅದು. ಭಾನುವಾರ ಬೆಳಿಗ್ಗೆ ವೆದರೆಲ್ ಬದುಕಿದ್ದ ಎಂದ ಮಾತ್ರಕ್ಕೆ ಟಾರ್ಕಿಲ್ ಪಾರಾದಂತಲ್ಲ. ಆ ಬೆಳಿಗ್ಗೆ ಅದೇ ದಂಡೆಯಲ್ಲಿ ಅವನೂ ಇದ್ದ. ಇನ್ನು ಈ ಕಣ್ಣುಗಳು ಎಷ್ಟು ಹೊತ್ತು ತಿಳಿಯಾಗಿರುತ್ತವೋ ಯಾರು ಬಲ್ಲರು.

"ಡೋಲಿನಾ, ಮೀನು ಬಿಟ್ಟ ಮೇಲೆ ಆ ಮನುಷ್ಯ ಎಲ್ಲಿಗೆ ಹೋದ?"

"ನೀಲ್ ಕರ್ಕೊಂಡು ಹೋದ."

"ಯಾವ ನೀಲ್?"

"ಎಷ್ಟು ಜನ ನೀಲ್ ಇದಾರೆ? ಕಾವಲಿನ ನೀಲ್. ಆ ದಡದಿಂದ ಕೂಗಿದ. ನಂಗೆ ಟೋಪಿ ಎತ್ತಿದ. ಒಳ್ಳೇ ಮೀನು ಡೋಲಿನಾ, ಅಂದ. ಇಬ್ರೂ ಅಬ್ಬಿ ಕಡೆ ಹೋದ್ರು. ಇವನು ಕುಂಟ್ಕೊಂಡು ಬಂದಿದ್ದು ಆಮೇಲೆ."

ಒಂದು ನರಪಿಳ್ಳೆಯೂ ಕಾಣಲಿಲ್ಲ ಎಂದು ಸಹಿ ಹಾಕಿದವನು. ಶನಿವಾರದ ಸಾಲು ಸುಳ್ಳೆಂದು ಕಣ್ಣಾರೆ ಕಂಡು ತಿಳಿದಿದ್ದರೂ, ಪುಸ್ತಕವನ್ನು ತಾನಾಗಿ ತಂದು ಪೊಲೀಸರ ಕೈಗಿಟ್ಟವನು. ಸಭೆಯ ಹಿರಿಯ ಟಾರ್ಕಿಲ್ ಮೆಕೈ ಜೈಲಿಗಾದರೂ ಹೋದಾನು, ಭಾನುವಾರ ಎಂಬ ಮಾತನ್ನು ಬಾಯಿ ಬಿಟ್ಟು ಹೇಳಲಾರ ಎಂದು ಅವನು ಲೆಕ್ಕ ಹಾಕಿದ್ದ. ಹೊಳೆಯ ಪ್ರತಿ ಕಲ್ಲನ್ನೂ ಬಲ್ಲವನು, ಈ ಮನುಷ್ಯನನ್ನೂ ಹಾಗೆಯೇ ಬಲ್ಲ.

"ಪಾಪ, ಒಳ್ಳೇ ಹುಡುಗ," ಎಂದಳು ಡೋಲಿನಾ. "ದಿನಾ ಬರ್ತಾನೆ."

ಇಶ್ಬೆಲ್ ಟಾರ್ಕಿಲ್‌ನತ್ತ ತಿರುಗಿದಳು. ಅವನ ಮುಖ ಬಿಳಿಚಿಕೊಂಡಿತ್ತು.

"ಸೋಮವಾರದಿಂದ," ಎಂದ. "ನಾನು ಹಾಲು ತರೋಕೆ ಹೋದಾಗ ಇವಳ ಹತ್ರ ಕೂತಿರ್ತಾನೆ. ನಿಮಗೆ ಕಷ್ಟದ ಕಾಲ, ನಾನಿದೀನಿ ಅಂದ. ನಾನು ಕೈ ಮುಗಿದೆ ಅವನಿಗೆ."

"ನಿಮ್ಮ ಹತ್ರ ಏನು ಮಾತಾಡ್ತಾನೆ, ಡೋಲಿನಾ?"

"ಮೀನಿನ ವಿಷಯ. ಆ ಮೀನು ಹಿಡಿದ ದಿನ ಯಾರ್ಯಾರನ್ನ ನೋಡ್ದೆ, ನೆನಪಿದ್ಯಾ, ಅಂತ ದಿನಾ ಕೇಳ್ತಾನೆ. ನಂಗೆ ಹೊಳೀತಾನೇ ಇರ್ಲಿಲ್ಲ. ಇಲ್ಲಪ್ಪ ಅಂದ್ರೆ ಪರವಾಗಿಲ್ಲ ಬಿಡಿ ಅಂತಿದ್ದ." ಅವಳ ಮುಖ ಅರಳಿತು. "ಇವತ್ತು ಬೆಳಿಗ್ಗೆ ಎಲ್ಲಾ ನೆನಪಾಯ್ತು ನೋಡು. ಅವನಿಗೂ ಹೇಳ್ದೆ."

"ಅದಕ್ಕೆ ಏನಂದ?"

"ಏನಂತಾನೆ? ಟಾರ್ಕಿಲ್ ಸಂಜೆ ಇನ್‌ವರ್ನೆಸ್‌ಗೆ ಹೋಗ್ತಾರೆ, ನೀವೊಬ್ರೇ ಇರ್ತೀರಲ್ಲ, ನಾನು ಬಂದು ಪಾದ್ರಿ ಮಡುವಿಗೆ ಕರ್ಕೊಂಡು ಹೋಗ್ತೀನಿ ಅಂದ."